‘ಈಕ್’ ಅನ್ನೋ ಪುಟ್ಟ ಪದ

ಪ್ರಶ್ನೆ:
ಹಳೆಯ ಇಂಗ್ಲಿಷ್ ಕವಿತೆಯೊಂದರಲ್ಲಿ ‘ಈಕ್’ ಅನ್ನೋ ಪದ ಸಿಕ್ಕಿತು. ‘ಈಕ್ ಔಟ್’ ಅಂದರೆ ಇದ್ದದ್ದರಲ್ಲೇ ಹೇಗೋ ಸಾಗಿಸುವುದು, ಅಲ್ವಾ? ಆ ಅರ್ಥ ಅಲ್ಲಿ ಹೊಂದುವುದೇ ಇಲ್ಲ. ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಉತ್ತರ 1:
ಅಲ್ಲಿ ಅದಕ್ಕೆ ‘ಕೂಡ’ ಅನ್ನೋ ಅರ್ಥ. ಜರ್ಮನ್ ಭಾಷೆಯ ‘ಔಖ್’ ಇದರ ನಂಟ.

ಉತ್ತರ 2:
ಕ್ರಿಯಾಪದವಾಗಿ ಇದರ ಮೂಲ ಅರ್ಥ ‘ಹೆಚ್ಚಿಸು’. ಬೆಲೆ ಏರಿಸುತ್ತಾ ಹೋಗುವ ‘ಆಕ್ಷನ್’ (ಹರಾಜು) ಕೂಡ ದೂರದಲ್ಲಿ ಇದೇ ಬೇರಿನದು. ಸಾಲದ್ದಕ್ಕೆ ಒಂದಿಷ್ಟು ಸೇರಿಸಿ ಸಾಲುವಂತೆ ಮಾಡುವುದೇ ‘ಈಕ್ ಔಟ್’.

ನನಗೆ ಜಾಸ್ತಿ ಇಷ್ಟ ಆಗುವುದು ‘ನಿಕ್‌ನೇಮ್’ ಕಥೆ. ಅದು ಮೊದಲು ‘ಆನ್ ಈಕ್‌ನೇಮ್’, ಅಂದರೆ ಜೊತೆಗೆ ಸೇರಿದ ಹೆಸರು. ಬಾಯಿಂದ ಬಾಯಿಗೆ ಹೋಗುತ್ತಾ, ‘ಒಂದು’ ಅನ್ನೋ ಅರ್ಥದ ‘ಆನ್’ನಲ್ಲಿದ್ದ ನಕಾರ ಮುಂದಿನ ಪದಕ್ಕೆ ಅಂಟಿಕೊಂಡಿತು. 15ನೇ ಶತಮಾನದ ಹೊತ್ತಿಗೇ ಹೀಗಾಗಿತ್ತು. ‘ಏಪ್ರನ್’ನಲ್ಲಿ ಆದದ್ದು ಉಲ್ಟಾ. ಅದು ‘ನೇಪ್ರನ್’ ಆಗಿತ್ತು, ನಕಾರ ಕಳೆದುಕೊಂಡಿತು. ಎಷ್ಟು ಸಲ ನೆನೆದರೂ ನನಗೆ ಇದು ಖುಷಿ ಕೊಡುತ್ತದೆ.

ಉತ್ತರ 3:
ಬ್ರಿಟನ್ನಿನ ಜೇನು ಸಾಕುವವರಲ್ಲಿ ಈ ಪದ ಇನ್ನೂ ಬದುಕಿದೆ. ಗೂಡಿನ ಎತ್ತರ ಹೆಚ್ಚಿಸಲು ಸೇರಿಸುವ ಚೌಕಟ್ಟಿಗೆ ‘ಈಕ್’ ಅನ್ನುತ್ತಾರೆ.

ಪ್ರಶ್ನೆ ಕೇಳಿದವರು:
‘ಅವನ ಕುದುರೆ ಕೂಡ’! ಈಗ ಆ ಸಾಲು ಸರಿಯಾಗಿ ಕೂತಿತು. ತುಂಬಾ ಥ್ಯಾಂಕ್ಸ್.