ಕಲ್ಪಿತ ನಾಡಿನಲ್ಲಿ ಬುಡಕಟ್ಟುಗಳು ರಾಜ್ಯವಾಗುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ): ನನ್ನ ಕಾದಂಬರಿಯ ಕಲ್ಪಿತ ನಾಡಿನಲ್ಲಿ ದನಗಾಹಿ ಬುಡಕಟ್ಟುಗಳು ಹೊಳೆದಂಡೆಗೆ ಬಂದು ನೆಲೆಸುತ್ತವೆ. ಅಲ್ಲಿಂದ ಮೊದಲ ಅರಸನವರೆಗಿನ ಘಟ್ಟವನ್ನು ನಂಬುವಂತೆ ಬರೆಯುವುದು ಹೇಗೆಂದು ತಿಳಿದವರು ಹೇಳಬೇಕು.

ಉತ್ತರ 1: ಅರಸನಿಗಿಂತ ಮೊದಲು ಕೆರೆ ಕಟ್ಟಿಸಿ, ಸರ್. ಏರಿ ಕಾಯುವವರು, ತೂಬು ತೆರೆಯುವ ಸರದಿ, ನೀರಿನ ಪಾಲು ತೀರ್ಮಾನಿಸುವ ಹಿರಿಯ ಇವೆಲ್ಲ ಬಂದ ಮೇಲೆ ತೆರಿಗೆ ತಾನಾಗಿಯೇ ಹುಟ್ಟುತ್ತದೆ. ಗಂಗರೂ ಕೋಲಾರದಿಂದ ಕಾವೇರಿ ದಡದ ತಲಕಾಡಿಗೆ ಬಂದರಲ್ಲವೇ?

ಉತ್ತರ 2: ನೀರೊಂದೇ ಸಾಲದು, ನಿಷ್ಠೆಗೆ ಬೆಲೆಯೂ ಬೇಕು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನದಲ್ಲಿ, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಅರಸನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. (ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.) ನಿಮ್ಮ ಅರಸ ಏನನ್ನು, ಯಾರಿಗೆ ಕೊಡುತ್ತಾನೆಂಬುದನ್ನು ಮೊದಲು ನಿರ್ಧರಿಸಿ.