ಪದಚರ್ಚೆ: ಫೈರ್‌ವಾಲ್‌ಗೆ ‘ಬೆಂಕಿಗೋಡೆ’ ಸಾಕೇ? ‘ಖಾಸಗಿ ಜಾಲ’ಕ್ಕೆ ಏನನ್ನಬೇಕು?

ಬಲ್ಲವರಲ್ಲಿ ಒಂದು ವಿಚಾರಣೆ.

ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ಮನೆಬಳಕೆಗೆ ಕಂಪ್ಯೂಟರ್ ಇಟ್ಟುಕೊಂಡವರಿಗಾಗಿ ನಾವು ಕೆಲವರು ಸೇರಿ ಸಣ್ಣದೊಂದು ಕನ್ನಡ ಕೈಪಿಡಿ ಸಿದ್ಧ ಮಾಡುತ್ತಿದ್ದೇವೆ. ದುಡ್ಡು ಕೊಡದೆ ಸಿಗುವ ಆಂಟಿವೈರಸ್ ಮತ್ತು ಫೈರ್‌ವಾಲ್‌ಗಳಲ್ಲಿ (ಫೈರ್‌ವಾಲ್ ಎಂದರೆ ಕಂಪ್ಯೂಟರಿಗೂ ಹೊರಗಿನ ಜಾಲಕ್ಕೂ ನಡುವೆ ಕಾವಲು ನಿಲ್ಲುವ ತಂತ್ರಾಂಶ) ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದರ ಗೋಜಿಗೆ ಹೋಗಬಾರದು ಎಂಬುದು ವಿಷಯ. ಓದುವವರು ಅಡಿಕೆ ಲೆಕ್ಕ, ಪಹಣಿ, ಮಕ್ಕಳ ಅರ್ಜಿ, ಬೆಂಗಳೂರಿನಲ್ಲಿರುವ ಮಗಳ ಜೊತೆ ವಿಡಿಯೋ ಕರೆ, ಇಷ್ಟಕ್ಕೇ ಕಂಪ್ಯೂಟರ್ ಹಚ್ಚುವವರು. ಸಲಹೆ ಬರೆಯುವುದು ಕಷ್ಟವಾಗಲಿಲ್ಲ. ಪದಗಳ ಹತ್ತಿರ ಬಂದು ನಿಂತಿದ್ದೇವೆ.

ಸಲಹೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಚರ್ಚೆ ಆ ಕಡೆ ಹೊರಳದಿರಲಿ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ಒಳಗೇ ಬರುತ್ತದೆ. ಫೈರ್‌ವಾಲ್ ಅಂತೂ 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಎರಡನೇ ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ದೊಡ್ಡ ಕಂತು) ಬಂದಾಗಿನಿಂದ ತಾನಾಗಿಯೇ ಚಾಲೂ ಇರುತ್ತದೆ. ಮನೆಯ ಕೆಲಸಕ್ಕೆ ಇವೆರಡು ಸಾಕು. ಬೇರೆ ಆಂಟಿವೈರಸ್ ಬೇಕೇ ಬೇಕು ಎನ್ನುವವರು ಒಂದನ್ನು ಮಾತ್ರ ಹಾಕಿಕೊಳ್ಳಲಿ. ಆಗ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಎರಡೆರಡು ಕಂಪನಿಯದ್ದನ್ನು ಒಟ್ಟಿಗೆ ಹಾಕಿದರೆ ತೆರೆದ ಪ್ರತಿ ಫೈಲನ್ನೂ ಎರಡೂ ಹಿಡಿದು ನೋಡಲು ಹೋಗಿ ಯಂತ್ರ ತೆವಳುತ್ತದೆ.

ಇನ್ನು ಪದಗಳಿಗೆ ಬರುತ್ತೇನೆ. ‘ಬೆಂಕಿಗೋಡೆ’, ‘ಅಗ್ನಿಗೋಡೆ’, ‘ಸುರಕ್ಷಾಗೋಡೆ’ ಮೂರನ್ನೂ ಅಲ್ಲಲ್ಲಿ ಓದಿದ್ದೇನೆ. ಬೆಂಕಿಗೋಡೆ ಎಂದರೆ ಉರಿಯುವ ಗೋಡೆ ಎಂದಾಗುತ್ತದೆ, ಅದು ತಪ್ಪು ಸಮಾಸ ಎಂದು ನಮ್ಮ ತಂಡದ ಒಬ್ಬರ ಆಕ್ಷೇಪ. ನನಗೆ ಹಾಗೆ ಕಾಣುವುದಿಲ್ಲ. ಬೆಂಕಿಕಡ್ಡಿ, ಬೆಂಕಿಪೊಟ್ಟಣಗಳಲ್ಲಿ ಬೆಂಕಿ ಒಳಗಿರುವುದು ಹೌದು. ಆದರೆ ಸೊಳ್ಳೆಪರದೆಯೊಳಗೆ ಸೊಳ್ಳೆ ಇರುವುದಿಲ್ಲ, ಸೊಳ್ಳೆಬತ್ತಿಯನ್ನು ಸೊಳ್ಳೆಯಿಂದ ಮಾಡುವುದೂ ಇಲ್ಲ. ಯಾವುದನ್ನು ತಡೆಯಬೇಕೋ ಅದರ ಹೆಸರನ್ನೇ ಮುಂದಿಟ್ಟು ಪದ ಕಟ್ಟುವ ರೂಢಿ ಕನ್ನಡದಲ್ಲಿದೆ. ಕಟ್ಟಡದ ಒಂದು ಭಾಗಕ್ಕೆ ಹತ್ತಿದ ಬೆಂಕಿ ಇನ್ನೊಂದಕ್ಕೆ ದಾಟದಂತೆ ನಡುವೆ ಕಟ್ಟುವ ಗೋಡೆಗೆ ಇದ್ದ ಹೆಸರು ಆಮೇಲೆ ಕಂಪ್ಯೂಟರಿಗೆ ಬಂದದ್ದು. ಆ ಮೂಲಕ್ಕೆ ಬೆಂಕಿಗೋಡೆ ಸರಿಯಾಗಿಯೇ ಹೊಂದುತ್ತದೆ.

ನನ್ನ ತಕರಾರು ‘ಗೋಡೆ’ಯ ಮೇಲೆ. ಗೋಡೆ ಎಂದಕೂಡಲೇ ಓದುಗ ‘ಏನೂ ದಾಟುವುದಿಲ್ಲ’ ಎಂದುಕೊಳ್ಳುತ್ತಾನೆ. ಫೈರ್‌ವಾಲ್ ಮಾಡುವ ಕೆಲಸ ಅದಲ್ಲ. ನಾವು ಕೇಳಿದ್ದಕ್ಕೆ ಹೊರಗಿನಿಂದ ಬರುವ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಕರೆಯದೆ ಬಂದು ಬಾಗಿಲು ತಟ್ಟುವುದನ್ನು ತಡೆಯುತ್ತದೆ. ವಿಂಡೋಸಿನದ್ದು ಒಳಗಿನಿಂದ ಹೊರಗೆ ಹೋಗುವುದನ್ನು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಚುಚ್ಚಿ ತಂದ ಪೆನ್‌ಡ್ರೈವಿನಲ್ಲಿ ಬಂದ ವೈರಸ್ಸಿಗೆ ಈ ಗೋಡೆ ಎದುರಾಗುವುದೇ ಇಲ್ಲ. ಅದನ್ನು ಹಿಡಿಯುವುದು ಆಂಟಿವೈರಸ್ಸಿನ ಪಾಲು. ‘ಗೋಡೆ ಇದೆಯಲ್ಲ, ಮತ್ತೆ ಅದೆಂತಕ್ಕೆ’ ಎಂದು ಕೇಳುವವರು ನಮ್ಮಲ್ಲಿ ಬಹಳ, ಆ ಪ್ರಶ್ನೆ ಹುಟ್ಟಿಸಿದ್ದು ಪದವೇ ಎಂದು ನನ್ನ ಗುಮಾನಿ.

ಘಟ್ಟದ ಮೇಲಿನವರಿಗೆ ಹೇಳುವುದಾದರೆ ಅದು ನಮ್ಮ ದಣಪೆಯಂತೆ. ಅಂಗಳದ ಬೇಲಿಯಲ್ಲಿ ಅಡ್ಡ ಹಾಕಿದ ಕೋಲುಗಳನ್ನು ಸರಿಸಿ ದಾಟುವ ಆ ದಾರಿಯಲ್ಲಿ ಮನೆಯವರು ಓಡಾಡುತ್ತಾರೆ, ಬೀಡಾಡಿ ದನ ನಿಲ್ಲುತ್ತದೆ. ಹಾಗೆಂದು ಫೈರ್‌ವಾಲನ್ನು ‘ದಣಪೆ’ ಎಂದು ಕರೆಯೋಣ ಎನ್ನುವಷ್ಟು ಧೈರ್ಯ ನನಗಿಲ್ಲ. ಉಣುಗೋಲು ಎನ್ನುವವರಿದ್ದಾರೆ, ಕುಂದಾಪುರದ ಕಡೆ ತಡಮೆ ಎನ್ನುತ್ತಾರೆ, ಕಬ್ಬಿಣದ ಗೇಟು ಕಂಡೇ ಬೆಳೆದ ಹುಡುಗರಿಗೆ ಮೂರೂ ಗೊತ್ತಿಲ್ಲ. ಹೆಸರು ಫೈರ್‌ವಾಲ್ ಎಂದೇ ಇರಲಿ, ದಣಪೆಯನ್ನು ವಿವರಣೆಯಲ್ಲಿ ಒಮ್ಮೆ ತಂದು ಬಿಡೋಣ ಎಂಬುದು ನನ್ನ ಮತ. ಬೇರೆ ಮತವಿದ್ದರೆ ಕೇಳಬೇಕು.

ನಿಜವಾದ ಗೋಜಲು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹೊಸ ಪ್ರೋಗ್ರಾಂ ಒಂದು ಹೊರಗಿನ ಸಂಪರ್ಕಕ್ಕೆ ಕಾದು ಕೂರಲು ಹೊರಟರೆ ವಿಂಡೋಸ್ ಒಂದು ಕಿಟಕಿ ತೆರೆದು ಕೇಳುತ್ತದೆ: ಇದಕ್ಕೆ ಯಾವ ಜಾಲದಲ್ಲಿ ಅನುಮತಿ, ಪ್ರೈವೇಟ್ ಜಾಲದಲ್ಲೋ ಪಬ್ಲಿಕ್ ಜಾಲದಲ್ಲೋ? ನಾವು ಸೇರಿದ ಜಾಲ ಯಾವ ಬಗೆಯದ್ದೆಂದು ಗುರುತಿಸುವಲ್ಲೂ ಇವೇ ಎರಡು ಪದ. ನಮ್ಮ ಕರಡಿನಲ್ಲಿ ಇದನ್ನು ‘ಖಾಸಗಿ ಜಾಲ’, ‘ಸಾರ್ವಜನಿಕ ಜಾಲ’ ಎಂದು ಬರೆದಿತ್ತು. ಪದಕೋಶದ ಪ್ರಕಾರ ಕುಂದಿಲ್ಲ. ಕರಡು ಓದಿ ನೋಡಲಿ ಎಂದು ಊರಿನ ಹಿರಿಯರೊಬ್ಬರ ಕೈಗೆ ಕೊಟ್ಟರೆ ಅವರು ಕನ್ನಡಕ ಹಣೆಗೇರಿಸಿ, “ತಮಾ, ನಮ್ದು ಬಿಎಸ್ಸೆನ್ನೆಲ್ಲು, ಸರ್ಕಾರದ್ದು. ಅದು ಖಾಸಗಿ ಹ್ಯಾಂಗಾತು?” ಎಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗಿ ಬ್ಯಾಂಕು. ನಮ್ಮ ದಿನಬಳಕೆಯಲ್ಲಿ ಖಾಸಗಿ ಎಂದರೆ ‘ಸರ್ಕಾರದ್ದಲ್ಲದ್ದು’. ಸಾರ್ವಜನಿಕ ವಲಯದ ಉದ್ಯಮ ಎಂಬ ಮಾತು ಪತ್ರಿಕೆಯಲ್ಲಿ ದಿನಾ ಬರುತ್ತದೆ, ಬಿಎಸ್‌ಎನ್‌ಎಲ್ ಆ ಪಟ್ಟಿಯಲ್ಲೇ ಇದೆ. ಹಾಗಾಗಿ ಬಿಎಸ್‌ಎನ್‌ಎಲ್ ಫೈಬರ್ ಇದ್ದವರು ‘ಸಾರ್ವಜನಿಕ’ಕ್ಕೂ, ಜಿಯೋ ಏರ್‌ಟೆಲ್ ಇದ್ದವರು ‘ಖಾಸಗಿ’ಗೂ ಗುರುತು ಹಾಕುತ್ತಾರೆ. ವಿಂಡೋಸ್ ಕೇಳುತ್ತಿರುವುದು ಜಾಲ ಯಾರ ಒಡೆತನದ್ದು ಎಂದಲ್ಲ, ಅದರಲ್ಲಿರುವ ಉಳಿದ ಯಂತ್ರಗಳನ್ನು ನೀವು ನಂಬುತ್ತೀರಾ ಎಂದು. ಮನೆಯ ವೈಫೈ ಆದರೆ ನಂಬಬಹುದು, ಪ್ರಿಂಟರು ಇನ್ನೊಂದು ಕೋಣೆಯಲ್ಲಿದ್ದರೂ ಕಾಣಲಿ. ಗೋಕರ್ಣದ ಲಾಡ್ಜಿನ ವೈಫೈ ಆದರೆ ಪಕ್ಕದ ಕೋಣೆಯವನಿಗೆ ನಮ್ಮ ಯಂತ್ರ ಕಾಣದಿರುವುದೇ ಒಳ್ಳೆಯದು. ಮನೆಯದ್ದಕ್ಕೆ ಸಾರ್ವಜನಿಕ ಎಂದು ಕೊಟ್ಟರೆ ಬಿಗಿ ಹೆಚ್ಚಾಗುತ್ತದೆ, ಪ್ರಿಂಟರು ಕಾಣದೆ ಹೋಗಬಹುದು, ಅಷ್ಟೇ. ಲಾಡ್ಜಿನದ್ದಕ್ಕೆ ಖಾಸಗಿ ಎಂದು ಕೊಟ್ಟರೆ ಯಂತ್ರ ಅಪರಿಚಿತರೆದುರು ತೆರೆದುಕೊಳ್ಳುತ್ತದೆ. ಲಾಡ್ಜಿನ ಮಾಲೀಕ ಖಾಸಗಿಯವನೇ ಅಲ್ಲವೇ ಎಂದುಕೊಂಡು ಹಾಗೆ ಕೊಡುವವರು ಇಲ್ಲದಿಲ್ಲ.

‘ಮನೆಯ ಜಾಲ’, ‘ಹೊರಗಿನ ಜಾಲ’ ಎಂದು ತಿದ್ದಿದ್ದೇವೆ. ಮೂಲಕ್ಕೆ ನಿಷ್ಠವಲ್ಲ, ಕೆಲಸಕ್ಕೆ ನಿಷ್ಠ. ಕಚೇರಿಯ ಜಾಲವನ್ನು ಇವೆರಡರಲ್ಲಿ ಯಾವುದಕ್ಕೆ ಸೇರಿಸುವುದು ಎಂದು ತಂಡದಲ್ಲಿ ಇನ್ನೂ ಜಗ್ಗಾಟವಿದೆ. ‘ನಂಬುವ ಜಾಲ’, ‘ನಂಬದ ಜಾಲ’ ಎಂಬ ಸೂಚನೆಯೂ ಬಂದಿದೆ. ನನಗೆ ಅದು ಸ್ವಲ್ಪ ಒರಟು ಅನಿಸಿತು, ಆದರೆ ಅರ್ಥ ಎಳ್ಳಷ್ಟೂ ಜಾರುವುದಿಲ್ಲ.

‘ಉಚಿತ’ದ್ದೂ ಒಂದು ಕಥೆ. ಸಂಸ್ಕೃತದಲ್ಲಿ ತಕ್ಕದ್ದು, ಯೋಗ್ಯವಾದದ್ದು ಎಂಬರ್ಥ. ಉಚಿತಾನುಚಿತ ಎನ್ನುವಾಗ ಅದು ಕನ್ನಡದಲ್ಲೂ ಉಳಿದಿದೆ. ‘ಉಚಿತ ಆಂಟಿವೈರಸ್’ ಎಂಬ ತಲೆಬರಹದಲ್ಲಿ ಆ ಹಳೆಯ ಅರ್ಥದ ವಾಸನೆ ಎಲ್ಲೋ ಸುಳಿದು, ಇದು ಸರಿಯಾದದ್ದೇ ಇರಬೇಕು ಎಂಬ ಭಾವ ಬರುವುದಿಲ್ಲವೇ? ಅತಿಯಾಯಿತು ಎನ್ನುವವರು ಎನ್ನಲಿ. ‘ಬಿಟ್ಟಿ’ ಬೇಡ, ಅದು ವಿಷ್ಟಿಯ ತದ್ಭವ, ಕೂಲಿ ಕೊಡದೆ ದುಡಿಸಿಕೊಳ್ಳುವುದು ಅದರ ಹಿಂದಿದೆ. ಮರಾಠಿಯ ಫುಕಟ್‌ನಿಂದ ಬಂದ ‘ಪುಕ್ಕಟೆ’ ನನಗಿಷ್ಟ. ಕಾರವಾರದವರಿಗಂತೂ ಫುಕಟ್ ಎಂದರೇ ಸಾಕು.

ಆದರೆ ಪುಕ್ಕಟೆಯಲ್ಲೂ ಬಗೆಗಳಿವೆ, ಕೈಪಿಡಿ ಅವನ್ನು ಬೇರೆಬೇರೆಯಾಗಿ ಹೆಸರಿಸಲೇಬೇಕು. ಒಂದು ತಿಂಗಳು ಓಡಿ ಆಮೇಲೆ ದುಡ್ಡು ಕೇಳುವುದು ಒಂದು. ಅದಕ್ಕೆ ‘ಗಡುವಿನ ಪ್ರತಿ’ ಎಂದಿದ್ದೇವೆ. ‘ಪ್ರಾಯೋಗಿಕ ಆವೃತ್ತಿ’ ಎಂದರೆ ಇನ್ನೂ ಸರಿಯಾಗಿ ತಯಾರಾಗದ್ದು ಎಂದು ಜನ ತಿಳಿಯುತ್ತಾರೆ. ಕ್ಲಾಮ್‌ಎವಿ ಎಂಬ ಆಂಟಿವೈರಸ್ಸಿನಂಥದ್ದು ಇನ್ನೊಂದು, ಮೂಲ ಸಂಕೇತವೇ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವುದು. ಅದಕ್ಕೆ ‘ಮುಕ್ತ’ ನಿಂತುಬಿಟ್ಟಿದೆ, ಚರ್ಚೆ ಬೇಕಿಲ್ಲ. ಅದನ್ನೇ ಬಳಸಿ ವಿಂಡೋಸಿಗೆ ಮಾಡಿದ ಕ್ಲಾಮ್‌ವಿನ್ ಕರೆದಾಗ ಮಾತ್ರ ಹುಡುಕುತ್ತದೆ, ತಾನಾಗಿ ಕಾವಲು ಕೂರುವುದಿಲ್ಲ. ಹಾಗಾಗಿ ಮನೆಗೆ ಅದೊಂದನ್ನೇ ನಂಬಿ ಎಂದು ಬರೆಯಲಾರೆವು. ಮೂರನೆಯದು ಕಂಪನಿಗಳು ಮನೆಬಳಕೆಗೆ ಸದಾಕಾಲ ದುಡ್ಡಿಲ್ಲದೆ ಕೊಡುವಂಥದ್ದು. ಇಲ್ಲಿ ಒಂದು ಪ್ರಕರಣ ನೆನಪಿಸಬೇಕು. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಇಂಥದ್ದಕ್ಕೆ ಉಚಿತ, ಪುಕ್ಕಟೆ ಎರಡೂ ಸಲ್ಲುವುದಿಲ್ಲ. ‘ದುಡ್ಡಿಲ್ಲದ’ ಎಂದಷ್ಟೇ ಬರೆದು ಮುಂದಿನ ಸಾಲಿನಲ್ಲಿ ವಿವರ ಕೊಡುವುದು ನೇರ ಎಂದು ನನಗನಿಸುತ್ತದೆ.

ಅನುಮಾನದ ಫೈಲನ್ನು ಆಂಟಿವೈರಸ್ ಬೇರೆಯಾಗಿ ಕೂಡಿಹಾಕುವುದಕ್ಕೆ ಹೇಳುವ ‘ಕ್ವಾರಂಟೈನ್’ ಬಗ್ಗೆ ತಲೆಬಿಸಿ ಇಲ್ಲ. 2020 ಕಂಡ ಮೇಲೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆಂಟಿವೈರಸ್ ಕನ್ನಡ ಟೈಪಿಂಗ್ ತಂತ್ರಾಂಶದ ಮೇಲೇ ಹರಿಹಾಯ್ದಾಗ ಏನನ್ನಬೇಕು ಎಂಬುದು ಇನ್ನೊಂದು. ನಾವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುವುದು ಆ ತಂತ್ರಾಂಶಗಳ ಕೆಲಸ. ಪಾಸ್‌ವರ್ಡ್ ಕದಿಯುವವೂ ಕೀಲಿಯನ್ನೇ ಹಿಡಿಯುತ್ತವೆ, ಹಾಗಾಗಿ ಕೆಲವೊಮ್ಮೆ ಅನುಮಾನ ಇವುಗಳ ಮೇಲೆ ಬೀಳುತ್ತದೆ. ಹೀಗೆ ತಪ್ಪಾಗಿ ಅನುಮಾನಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಫಾಲ್ಸ್ ಪಾಸಿಟಿವ್’ ಎನ್ನುತ್ತಾರೆ, ಅದನ್ನು ‘ಹುಸಿ ಧನಾತ್ಮಕ’ ಎಂದು ಒಂದು ಕಡೆ ಓದಿ ನಕ್ಕೆವು. ‘ಹುಸಿ ಗುಲ್ಲು’ ನಮ್ಮ ಸೂಚನೆ. ನಡೆದೀತೇ?

ಕೊನೆಯದು, ಉತ್ತರವೇ ಹೊಳೆಯದೆ ಉಳಿದದ್ದು, ‘ವೈರಸ್ ಡೆಫಿನಿಷನ್’. ದಿನಾ ಬರುವ ಹೊಸ ವೈರಸ್‌ಗಳ ಗುರುತುಗಳನ್ನು ಆಂಟಿವೈರಸ್ ತರಿಸಿಕೊಳ್ಳುತ್ತದಲ್ಲ, ಅದು. ‘ವ್ಯಾಖ್ಯಾನ ನವೀಕರಣ’ ಎಂದು ಬರೆದರೆ ನಮ್ಮ ಕಡೆ ಗಮಕದ ವಾಚನ-ವ್ಯಾಖ್ಯಾನ ನೆನಪಾಗಿ ಜನ ಯಾವ ಪರ್ವ ಎಂದು ಕೇಳಿಯಾರು. ‘ಗುರುತುಪಟ್ಟಿ’ ಎಂದು ಸದ್ಯಕ್ಕೆ ಹಾಕಿದ್ದೇವೆ, ಮತದಾರರ ಪಟ್ಟಿಯ ಛಾಯೆ ಬರುತ್ತದೆ ಎಂಬ ದೂರು ಆಗಲೇ ಬಂದಿದೆ. ‘ಚಹರೆಪಟ್ಟಿ’ ಹೇಗೆ? ಪೊಲೀಸ್ ಠಾಣೆಯ ಭಾಷೆ ಬಲ್ಲವರು, ಅಂಕೋಲೆ ಹೊನ್ನಾವರದ ಕಡೆಯವರು, ಕಳ್ಳರ ಗುರುತು ಬರೆದಿಡುವ ದಫ್ತರಕ್ಕೆ ಹಳೆಯ ಹೆಸರೇನಾದರೂ ಕೇಳಿದ್ದರೆ ತಿಳಿಸಿ.