ಎಚ್‌ಗೆ ಪಾಟೀಸವಾಲು

ಪುಸ್ತಕ ಮೇಜಿನ ಮೇಲೆ ಬಿದ್ದ ಸದ್ದಿಗೇ ಅದರ ಗಾತ್ರ ತಿಳಿಯಿತು. “ಮಗಳಿಗೆ ಮುಂದಿನ ವರ್ಷ ಕ್ಯಾಲ್ಕುಲಸ್ ಬರುತ್ತದೆ. ರಜೆಯಲ್ಲೇ ಇದನ್ನು ಮುಗಿಸಿಬಿಡಲಿ ಎಂದು ತಂದೆ” ಎಂದರು ವಕೀಲರು. ಹೈಸ್ಕೂಲು ಮುಗಿಸುತ್ತಿರುವ ಹುಡುಗಿ ಸಾವಿರ ಪುಟಗಳನ್ನು ಒಂದೇ ರಜೆಯಲ್ಲಿ ಅರೆದು ಕುಡಿಯಬೇಕೆಂಬ ಆದೇಶ ಹೊರಬಿದ್ದಿತ್ತು. ಹುಡುಗಿಯ ಹೇಳಿಕೆಯನ್ನು ಮಾತ್ರ ಯಾರೂ ದಾಖಲಿಸಿಕೊಂಡಂತೆ ಕಾಣಲಿಲ್ಲ.

ಮೇಷ್ಟ್ರು ಪುಸ್ತಕವನ್ನು ತೆರೆಯಲೂ ಇಲ್ಲ, ಮುಟ್ಟಲೂ ಇಲ್ಲ. “ನಿಮ್ಮ ಮಗಳಿಗೆ ಭಿನ್ನರಾಶಿ ಕೂಡಿಸಲು ಬರುತ್ತದೆಯೇ?” ಎಂದು ಕೇಳಿದರು.

“ಇದೇನು ಪ್ರಶ್ನೆ ಮೇಷ್ಟ್ರೇ? ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆಯುವ ಹುಡುಗಿ!”

“ಅಂಕ ಕೇಳಲಿಲ್ಲ. ಒಂದು ಭಾಗಿಸು ಎಕ್ಸ್, ಒಂದು ಭಾಗಿಸು ವೈ. ಇವೆರಡನ್ನೂ ಕೂಡಿಸಿದರೆ ಏನು ಬರುತ್ತದೆ?”

ಪ್ರಶ್ನೆ ಇದ್ದದ್ದು ವಕೀಲರಿಗೆ. ಆದರೆ ಪ್ರಶ್ನೆ ಯಾರದ್ದಾದರೂ ಉತ್ತರ ತಮ್ಮದೇ ಎಂಬುದು ನಮ್ಮ ಎಂಜಿನಿಯರ್ ಸಾಹೇಬರ ಬಾಳಿನ ನಿಯಮ. “ಎರಡು ಭಾಗಿಸು, ಎಕ್ಸ್ ಕೂಡಿಸು ವೈ!” ಎಂದು ಘೋಷಿಸಿ ಕಾಲು ಚಾಚಿದರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬ್ಯಾಂಕಿನ ಮ್ಯಾನೇಜರರು ಮೆಲ್ಲಗೆ ಕೆಮ್ಮಿ, “ಎಕ್ಸ್ ಎರಡು, ವೈ ಕೂಡ ಎರಡು ಎಂದು ಇಟ್ಟುಕೊಳ್ಳೋಣ” ಎಂದರು. “ಅರ್ಧಕ್ಕೆ ಅರ್ಧ ಸೇರಿದರೆ ಒಂದಾಗಬೇಕು. ನಿಮ್ಮ ಲೆಕ್ಕದಲ್ಲಿ ನಾಲ್ಕನೇ ಎರಡು, ಅಂದರೆ ಮತ್ತೆ ಅರ್ಧವೇ ಬಂತು. ಉಳಿದ ಅರ್ಧ ಎಲ್ಲಿಗೆ ಹೋಯಿತು ಸಾಹೇಬರೇ? ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ತನಿಖೆ ಶುರುವಾಗುತ್ತಿತ್ತು.”

“ನಾನು ಕಟ್ಟಿದ ಸೇತುವೆಗಳು ಇನ್ನೂ ನಿಂತಿವೆ” ಎಂದರು ಎಂಜಿನಿಯರ್.

“ಪ್ರಕೃತಿ ಬಹಳ ಕ್ಷಮಾಶೀಲೆ” ಎಂದರು ಮೇಷ್ಟ್ರು.

ಈ ಮೇಷ್ಟ್ರ ವಾದವನ್ನು ನಾನು ಹಿಂದೆಯೂ ಕೇಳಿದ್ದೇನೆ, ಪ್ರತಿ ಸಲವೂ ಒಪ್ಪಿದ್ದೇನೆ. ಕ್ಯಾಲ್ಕುಲಸ್‌ನಲ್ಲಿ ಎಡವಿದೆ ಎನ್ನುವ ಮಕ್ಕಳಲ್ಲಿ ಹೆಚ್ಚಿನವರು ಎಡವಿರುವುದು ಕ್ಯಾಲ್ಕುಲಸ್‌ನಲ್ಲಿ ಅಲ್ಲ. ಎಂಟನೇ, ಒಂಬತ್ತನೇ ತರಗತಿಯ ಬೀಜಗಣಿತದಲ್ಲಿಯೇ ಎಡವಿ, ಬೀಳಲು ಮಾತ್ರ ಎರಡು ವರ್ಷ ತೆಗೆದುಕೊಂಡಿರುತ್ತಾರೆ. ಹೊಸ ಪಾಠದಲ್ಲಿ ನಿಜವಾಗಿಯೂ ಹೊಸದಾಗಿರುವ ವಿಚಾರ ಬಹಳ ಕಡಿಮೆ. ಅದರ ಸುತ್ತ ಇರುವ ಹಳೆಯ ಕೆಲಸವೇ ವಿಪರೀತ. ಆದ್ದರಿಂದ ಕ್ಯಾಲ್ಕುಲಸ್‌ಗೆ ಸಿದ್ಧತೆ ಎಂದರೆ ಮುಂದಿನ ಪುಟ ತಿರುಗಿಸುವುದಲ್ಲ, ಹಿಂದಿನ ಪುಟಗಳನ್ನು ತಿರುಗಿಸುವುದು. ತಂದೆತಾಯಿಗಳಿಗೆ ಈ ಮಾತು ರುಚಿಸುವುದಿಲ್ಲ. ಮಗಳು ಕ್ಯಾಲ್ಕುಲಸ್ ಓದುತ್ತಿದ್ದಾಳೆ ಎಂದು ನೆಂಟರ ಮುಂದೆ ಹೇಳಬಹುದು. ಭಿನ್ನರಾಶಿ ತಿದ್ದುತ್ತಿದ್ದಾಳೆ ಎಂದು ಯಾರ ಮುಂದೆ ಹೇಳುವುದು?

“ಉಪದೇಶ ಸಾಕು, ಸಾಕ್ಷ್ಯ ಕೊಡಿ” ಎಂದರು ವಕೀಲರು.

ಮೇಷ್ಟ್ರು ಕಾಗದ ಎಳೆದುಕೊಂಡರು. “ಫಂಕ್ಷನ್ ಎಂದರೆ ಒಂದು ಸಂಖ್ಯೆಯನ್ನು ಕೊಟ್ಟರೆ ಒಂದು ಸಂಖ್ಯೆಯನ್ನು ಹಿಂದಿರುಗಿಸುವ ನಿಯಮ. ನಮ್ಮ ನಿಯಮ ವರ್ಗ ಮಾಡುವುದು. ಮೂರು ಕೊಟ್ಟರೆ?”

“ಒಂಬತ್ತು.”

“ಎಕ್ಸ್ ಕೊಟ್ಟರೆ?”

“ಎಕ್ಸ್ ವರ್ಗ.”

“ಎಕ್ಸ್ ಕೂಡಿಸು ಎಚ್ ಕೊಟ್ಟರೆ?”

“ಎಕ್ಸ್ ವರ್ಗ, ಕೂಡಿಸು ಎಚ್” ಎಂದರು ವಕೀಲರು. “ಅಲ್ಲ, ಎಚ್‌ಗೂ ವರ್ಗ ಬೇಕು. ಎಕ್ಸ್ ವರ್ಗ, ಕೂಡಿಸು ಎಚ್ ವರ್ಗ. ಆವರಣದ ಒಳಗಿರುವ ಇಬ್ಬರಿಗೂ ಸಮಪಾಲು. ಕಾನೂನು ಸ್ಪಷ್ಟವಾಗಿದೆ.”

“ಎರಡು ಎಕ್ಸ್ ಎಚ್ ಎಂಬ ಮೂರನೆಯ ವಾರಸುದಾರನನ್ನು ಕೈಬಿಟ್ಟಿರಿ” ಎಂದರು ಮೇಷ್ಟ್ರು. “ಮೂರು ಮತ್ತು ಒಂದು ಸೇರಿ ನಾಲ್ಕು, ನಾಲ್ಕರ ವರ್ಗ ಹದಿನಾರು. ನೀವು ಒಂಬತ್ತಕ್ಕೆ ಒಂದು ಸೇರಿಸಿ ಹತ್ತಕ್ಕೇ ಕೈತೊಳೆದುಕೊಂಡಿರಿ. ನಿಮ್ಮ ಮಗಳು ಇದೇ ತಪ್ಪು ಮಾಡಿದರೆ ಅವಳಿಗೆ ಕ್ಯಾಲ್ಕುಲಸ್ ಕಷ್ಟ ಎಂದು ನೀವೇ ಊರಿಗೆಲ್ಲ ಹೇಳಿಕೊಂಡು ಬರುತ್ತೀರಿ. ಪಾಪ, ಕ್ಯಾಲ್ಕುಲಸ್ ಇನ್ನೂ ಕೋಣೆಯೊಳಗೆ ಕಾಲೇ ಇಟ್ಟಿಲ್ಲ!”

ಆಮೇಲೆ ಅದನ್ನು ಒಳಗೆ ಬಿಟ್ಟರು. ಎಕ್ಸ್ ಕೂಡಿಸು ಎಚ್ ಇದರ ವರ್ಗದಿಂದ ಎಕ್ಸ್ ವರ್ಗವನ್ನು ಕಳೆದರೆ ಉಳಿಯುವುದು ಎರಡು ಎಕ್ಸ್ ಎಚ್ ಕೂಡಿಸು ಎಚ್ ವರ್ಗ. ಅದನ್ನು ಎಚ್‌ನಿಂದ ಭಾಗಿಸಿದರೆ ಎರಡು ಎಕ್ಸ್ ಕೂಡಿಸು ಎಚ್. ಈಗ ಎಚ್ ಸೊನ್ನೆಯ ಕಡೆಗೆ ಸರಿದರೆ ಉಳಿಯುವುದು ಎರಡು ಎಕ್ಸ್. “ವರ್ಗದ ವಕ್ರರೇಖೆ ಎಕ್ಸ್ ಎಂಬ ಜಾಗದಲ್ಲಿ ಎಷ್ಟು ಕಡಿದಾಗಿ ಏರುತ್ತದೆ ಎಂಬುದಕ್ಕೆ ಇದೇ ಉತ್ತರ. ಇದಕ್ಕೇ ಅವಕಲನ ಎಂದು ಹೆಸರು. ಇಷ್ಟನ್ನೂ ಮಾಡಿದ್ದು ವಿಸ್ತರಣೆ, ವ್ಯವಕಲನ, ಅಪವರ್ತನ. ಎಲ್ಲ ಹೈಸ್ಕೂಲಿನದ್ದೇ. ಕೊನೆಯ ಒಂದು ಸಾಲು ಮಾತ್ರ ಕ್ಯಾಲ್ಕುಲಸ್.”

“ಆ ಕೊನೆಯ ಸಾಲಿಗೇ ನನ್ನ ಆಕ್ಷೇಪಣೆ!” ವಕೀಲರು ಎದ್ದು ನಿಂತರು. ಅವರು ಎದ್ದು ನಿಂತರೆ ನಾವೆಲ್ಲ ಸಾಕ್ಷಿಗಳಾಗಿಬಿಡುತ್ತೇವೆ. “ಸೊನ್ನೆಯಿಂದ ಭಾಗಿಸಬಾರದು, ಸರಿಯೇ?”

“ಸರಿ.”

“ನೀವು ಎಚ್‌ನಿಂದ ಭಾಗಿಸಿದಿರಿ. ಅಂದರೆ ಆ ಹೊತ್ತಿಗೆ ಎಚ್ ಸೊನ್ನೆಯಾಗಿರಲಿಲ್ಲ.”

“ಇರಲಿಲ್ಲ.”

“ಮರುಸಾಲಿನಲ್ಲೇ ಎಚ್ ಅನ್ನು ಸೊನ್ನೆ ಎಂದು ಹೊಡೆದುಹಾಕಿದಿರಿ. ಭಾಗಾಕಾರಕ್ಕೆ ಬೇಕಾದಾಗ ಇದ್ದ ಎಚ್, ಉತ್ತರಕ್ಕೆ ಅಡ್ಡ ಬಂದಾಗ ಇಲ್ಲ. ಇಂಥ ಸಾಕ್ಷಿಯನ್ನು ಕಟಕಟೆಯಲ್ಲಿ ಐದು ನಿಮಿಷ ನಿಲ್ಲಿಸಿದರೆ ನಿಮ್ಮ ಕೇಸು ವಜಾ!”

ಎಂಜಿನಿಯರ್ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಇಕ್ಕಟ್ಟಿಗೆ ಸಿಲುಕಿದರು ಎಂದು ನಾವೆಲ್ಲ ಸಂತೋಷಪಡುತ್ತಿದ್ದರೆ, ಎಲ್ಲರಿಗಿಂತ ಹೆಚ್ಚು ಸಂತೋಷ ಮೇಷ್ಟ್ರ ಮುಖದಲ್ಲೇ ಇತ್ತು.

“ವಕೀಲರೇ, ಈ ಪಾಟೀಸವಾಲನ್ನು 1734ರಲ್ಲಿಯೇ ಒಬ್ಬರು ಮಾಡಿದ್ದಾರೆ. ಜಾರ್ಜ್ ಬರ್ಕ್ಲಿ, ಐರ್ಲೆಂಡಿನ ಬಿಷಪ್. ಬೇಕಾದಾಗ ಇದ್ದು ಬೇಡವಾದಾಗ ಮಾಯವಾಗುವ ಈ ಪುಟ್ಟ ಸಂಖ್ಯೆಗಳನ್ನು ಅವರು ಅಗಲಿದ ಪರಿಮಾಣಗಳ ಪ್ರೇತಗಳು ಎಂದು ಹಂಗಿಸಿದರು. ಗಣಿತಜ್ಞರ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಲೆಕ್ಕ ಮಾತ್ರ ಸರಿ ಬರುತ್ತಿತ್ತು, ಆದ್ದರಿಂದ ಮಾಡುತ್ತ ಹೋದರು. ಫ್ರಾನ್ಸಿನ ಕೋಶಿ 1821ರ ತನ್ನ ಪಠ್ಯದಲ್ಲಿ ಎಲ್ಲವನ್ನೂ ಲಿಮಿಟ್ ಎಂಬ ಕಲ್ಪನೆಯ ಮೇಲೆ ನಿಲ್ಲಿಸಲು ಹೊರಟ. ಅದನ್ನು ಸಂದಿಲ್ಲದಂತೆ ಬಿಗಿ ಮಾಡಿದವನು ಅವನ ನಂತರದ ವೈಯರ್‌ಸ್ಟ್ರಾಸ್.”

“ಅಂದರೆ ಎಂಬತ್ತೇಳು ವರ್ಷ ಕಳೆದ ಮೇಲೂ ವ್ಯಾಜ್ಯ ಇತ್ಯರ್ಥವಾಗಿರಲಿಲ್ಲ!” ವಕೀಲರ ದನಿಯಲ್ಲಿ ವೃತ್ತಿಯ ಅಭಿಮಾನ ತುಂಬಿ ಬಂತು. “ಹಾಗಾದರೆ ತೀರ್ಪು ಏನು?”

“ಎಚ್ ಎಂದಿಗೂ ಸೊನ್ನೆಯಾಗುವುದೇ ಇಲ್ಲ. ಎಚ್ ಸೊನ್ನೆಯಾದರೆ ಏನು ಬರುತ್ತದೆ ಎಂದು ನಾವು ಕೇಳುತ್ತಲೇ ಇಲ್ಲ. ಎಚ್ ಸೊನ್ನೆಗೆ ಹತ್ತಿರವಾದಷ್ಟೂ ಉತ್ತರ ಯಾವ ಸಂಖ್ಯೆಗೆ ಬೇಕೆಂದಷ್ಟು ಹತ್ತಿರ ಬರುತ್ತದೆ ಎಂದು ಕೇಳುತ್ತೇವೆ. ಪ್ರಶ್ನೆಯನ್ನು ಬದಲಿಸಿದ ಮೇಲೆ ಆಕ್ಷೇಪಣೆ ನಿಲ್ಲುವುದಿಲ್ಲ.”

ವಕೀಲರು ಕುಳಿತರು. ಸೋತಂತೆ ಅಲ್ಲ, ಮೇಲ್ಮನವಿಯ ಹಕ್ಕನ್ನು ಕಾದಿರಿಸಿಕೊಂಡವರಂತೆ.

ಅಷ್ಟರಲ್ಲಿ ಮ್ಯಾನೇಜರರು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದಿದ್ದರು. ಮಾತಿನಲ್ಲಿ ಹೇಳಿದ್ದು ಅವರಿಗೆ ನಂಬಿಕೆಯಾಗುವುದಿಲ್ಲ, ಅಂಕಿಯಲ್ಲಿ ಬೇಕು. ಮೇಷ್ಟ್ರು ಅವರಿಗೆ ಒಂದು ಕಲ್ಲು ಕೊಟ್ಟರು, ಕಾಗದದ ಮೇಲೆ. ಎತ್ತರದಿಂದ ಬಿಟ್ಟ ಕಲ್ಲು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಟಿ ಸೆಕೆಂಡಿನಲ್ಲಿ ಬೀಳುವ ದೂರ 4.9 ಗುಣಿಸು ಟಿ ವರ್ಗ ಮೀಟರ್. ಸರಿಯಾಗಿ ಎರಡನೆಯ ಸೆಕೆಂಡು ಮುಗಿಯುವ ಗಳಿಗೆಯಲ್ಲಿ ಅದರ ವೇಗ ಎಷ್ಟು?

“ಗಳಿಗೆಯಲ್ಲಿ ಕಲ್ಲು ಎಷ್ಟು ದೂರ ಹೋಗುತ್ತದೆ? ಸೊನ್ನೆ. ಎಷ್ಟು ಹೊತ್ತು? ಅದೂ ಸೊನ್ನೆ” ಎಂದು ಮ್ಯಾನೇಜರರು ಗೊಣಗಿದರು. “ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂದರೆ ಈ ಯಂತ್ರ ಮುನಿಸಿಕೊಳ್ಳುತ್ತದೆ.”

“ಗಳಿಗೆಯನ್ನು ಬಿಡಿ. 2ರಿಂದ 2.1 ಸೆಕೆಂಡಿನವರೆಗಿನ ಸರಾಸರಿ ವೇಗ ತೆಗೆಯಿರಿ.”

ಮ್ಯಾನೇಜರರು ಒತ್ತಿದರು. 20.09. ಅವಧಿಯನ್ನು 2ರಿಂದ 2.01ಕ್ಕೆ ಇಳಿಸಿದರು. 19.649. ಯಾರೂ ಹೇಳದೆಯೇ 2.001ಕ್ಕೂ ಇಳಿಸಿದರು. 19.6049. ಆಮೇಲೆ ಅವರು ನಮ್ಮ ಕಡೆ ನೋಡಿದ ನೋಟ, ತಾಳೆಯಾಗದ ಖಾತೆ ಕೊನೆಗೂ ತಾಳೆಯಾದಾಗ ಬರುವಂಥದ್ದು. “19.6ರ ಹತ್ತಿರ ಹೋಗುತ್ತಿದೆ! ಸೆಕೆಂಡಿಗೆ 19.6 ಮೀಟರ್!”

“ನೀವು ಈಗ ಮಾಡಿದ್ದಕ್ಕೆ ಲಿಮಿಟ್ ಎಂದು ಹೆಸರು. ಸೂತ್ರ ಬಂತೇ? ಬರಲಿಲ್ಲ. ಹೈಸ್ಕೂಲಿನ ಮಗು ಇಷ್ಟನ್ನು ತನ್ನ ಕೈಯಿಂದ ಒಂದು ಸಲ ಮಾಡಿ ನೋಡಿದರೆ, ಮುಂದಿನ ವರ್ಷ ಆ ಚಿಹ್ನೆಯನ್ನು ಹಲಗೆಯ ಮೇಲೆ ಬರೆದಾಗ ಬೆಚ್ಚಿಬೀಳುವುದಿಲ್ಲ.”

ನನ್ನನ್ನು ಕೇಳಿದರೆ, ಸಾವಿರ ಪುಟದ ಪುಸ್ತಕಕ್ಕಿಂತ ಆ ಮೂರು ಅಂಕಿಗಳು ಮೇಲು. ಆದರೆ ಮೂರು ಅಂಕಿಗಳನ್ನು ಮೇಜಿನ ಮೇಲೆ ಎತ್ತಿ ಹಾಕಿ ಸದ್ದು ಮಾಡಲಾಗುವುದಿಲ್ಲವಲ್ಲ.

ಎಂಜಿನಿಯರ್ ಸಾಹೇಬರಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚಾಗಿತ್ತು. “ಇದೆಲ್ಲ ಸುತ್ತುದಾರಿ. ನಾವು ಅವಕಲನದ ಸೂತ್ರ ಬಾಯಿಪಾಠ ಮಾಡಿ ಪಾಸಾದವರು. ಘಾತವನ್ನು ಮುಂದೆ ತಾ, ಒಂದು ಕಡಿಮೆ ಮಾಡು, ಮುಗಿಯಿತು. ಮಗು ಇವತ್ತೇ ಕಲಿಯಬಹುದು.”

“ಒಂದು ಭಾಗಿಸು ವರ್ಗಮೂಲ ಎಕ್ಸ್. ಘಾತವನ್ನು ಮುಂದೆ ತನ್ನಿ.”

ಎಂಜಿನಿಯರ್ ಹುಡುಕಿದರು. “ಇಲ್ಲಿ ಘಾತವೇ ಇಲ್ಲವಲ್ಲ?”

“ಇದೆ. ಎಕ್ಸ್‌ನ ಘಾತ ಋಣ ಅರ್ಧ. ಭಿನ್ನರಾಶಿ ಘಾತ, ಋಣ ಘಾತ ಎರಡೂ ಗೊತ್ತಿಲ್ಲದ ಮಗುವಿಗೆ ನಿಮ್ಮ ಸೂತ್ರ ಕೊಟ್ಟು ಏನು ಉಪಯೋಗ? ಬೀಗವೇ ಕಾಣದವನಿಗೆ ಬೀಗದ ಕೈ ಕೊಟ್ಟ ಹಾಗೆ.” ಉಸಿರು ತೆಗೆದುಕೊಂಡು ಮತ್ತೊಂದು ಪ್ರಶ್ನೆ ಎಸೆದರು. “ಇರಲಿ. ಎರಡು ಫಂಕ್ಷನ್‌ಗಳನ್ನು ಗುಣಿಸಿದ್ದರೆ ಅದರ ಅವಕಲನ ಹೇಗೆ?”

“ಎರಡನ್ನೂ ಬೇರೆ ಬೇರೆ ಮಾಡಿ ಗುಣಿಸಿಬಿಡುವುದು.”

ತಪ್ಪು ಎಂದು ನನಗೂ ಗೊತ್ತಿತ್ತು. ಬೈಗುಳಕ್ಕೆ ಕಾಯುತ್ತಿದ್ದೆವು. ಮೇಷ್ಟ್ರು ಎದ್ದು ಹೋಗಿ ಸಾಹೇಬರ ಕೈ ಕುಲುಕಿದರು. “1675ರ ನವೆಂಬರ್‌ನಲ್ಲಿ, ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ಜರ್ಮನಿಯ ಲೈಬ್ನಿಟ್ಸ್ ಕೂಡ ತನ್ನ ಹಸ್ತಪ್ರತಿಯಲ್ಲಿ ಇದು ಹೀಗೆಯೇ ಇರಬಹುದೇ ಎಂದು ಯೋಚಿಸಿದ್ದ!”

ಸಾಹೇಬರು ಅರಳಿದರು. “ಆಮೇಲೆ?”

“ಆಮೇಲೆ ಒಂದು ಉದಾಹರಣೆ ಹಾಕಿ ನೋಡಿ, ತಪ್ಪು ಎಂದು ಕಂಡುಕೊಂಡು ಬಿಟ್ಟುಬಿಟ್ಟ. ನೀವು ಉದಾಹರಣೆ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ. ಎಕ್ಸ್ ಗುಣಿಸು ಎಕ್ಸ್ ತೆಗೆದುಕೊಳ್ಳಿ. ಎಕ್ಸ್‌ನ ಅವಕಲನ ಒಂದು. ಒಂದು ಗುಣಿಸು ಒಂದು, ಒಂದು. ಆದರೆ ಎಕ್ಸ್ ವರ್ಗದ ಉತ್ತರ ಎರಡು ಎಕ್ಸ್ ಎಂದು ಆಗಲೇ ವಕೀಲರ ಪಾಟೀಸವಾಲಿನಲ್ಲಿ ಸಾಬೀತಾಗಿದೆ.”

ಉತ್ತರ ಬಂದ ಮೇಲೆ ಒಂದು ಸಣ್ಣ ಸಂಖ್ಯೆ ಹಾಕಿ ಪರೀಕ್ಷಿಸುವ ಈ ಅಭ್ಯಾಸವನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ ಕಾಣೆ. ಮ್ಯಾನೇಜರರು ಅದೇ ಉಪಾಯದಿಂದ ಕಳೆದುಹೋದ ಅರ್ಧವನ್ನು ಹಿಡಿದರು, ಲೈಬ್ನಿಟ್ಸ್ ತನ್ನನ್ನೇ ತಾನು ಹಿಡಿದುಕೊಂಡ. ಮಕ್ಕಳು ಮಾತ್ರ ಕೊನೆಯ ಪುಟದ ಉತ್ತರಪಟ್ಟಿಗೆ ಹಾರುತ್ತಾರೆ.

ಲೈಬ್ನಿಟ್ಸ್ ಹೆಸರು ಬಂದ ಮೇಲೆ ನ್ಯೂಟನ್ ಬಾರದೆ ಇರುತ್ತಾನೆಯೇ? ಕ್ಯಾಲ್ಕುಲಸ್ ಯಾರದು ಎಂಬ ಜಗಳದಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿ 1712ರಲ್ಲಿ ಸಮಿತಿ ನೇಮಿಸಿತು, ಸಮಿತಿ ನ್ಯೂಟನ್ ಪರವಾಗಿ ವರದಿ ಕೊಟ್ಟಿತು. ಆಗ ಸೊಸೈಟಿಯ ಅಧ್ಯಕ್ಷ ನ್ಯೂಟನ್, ತೆರೆಮರೆಯಲ್ಲಿ ವರದಿ ಬರೆದ ಕೈಯೂ ಅವನದೇ. ಇದನ್ನು ಕೇಳಿ ವಕೀಲರು ಕುರ್ಚಿಯ ಕೈ ಹಿಡಿದುಕೊಂಡರು. “ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ!” ಆ ಅನ್ಯಾಯದ ಚರ್ಚೆ ಬಹಳ ಹೊತ್ತು ನಡೆಯಿತು. ಗಣಿತಕ್ಕೆ ಅದರಿಂದ ಏನೂ ಲಾಭವಾಗದ ಕಾರಣ ಇಲ್ಲಿ ಬಿಡುತ್ತೇನೆ.

ತ್ರಿಕೋನಮಿತಿಗೆ ಬಂದಾಗ ಕ್ಯಾಲ್ಕುಲೇಟರ್ ಇನ್ನೊಂದು ಜಗಳ ತೆಗೆಯಿತು. 0.01ರ ಸೈನ್ ಅನ್ನು 0.01ರಿಂದಲೇ ಭಾಗಿಸಿದರೆ ಒಂದರ ಹತ್ತಿರ ಬರಬೇಕು ಎಂದರು ಮೇಷ್ಟ್ರು. ಮ್ಯಾನೇಜರರಿಗೆ 0.01745 ಬಂತು. ಬ್ಯಾಂಕಿನವರ ಲೆಕ್ಕವೇ ತಪ್ಪಿತೆಂದು ಎಂಜಿನಿಯರ್ ಕುಣಿಯುವಷ್ಟರಲ್ಲಿ ಮೇಷ್ಟ್ರು ಒಂದು ಗುಂಡಿ ಒತ್ತಿ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದರು. 0.99998 ಬಂತು. ಡಿಗ್ರಿಯಲ್ಲಿ ಅಳೆದರೆ ಪ್ರತಿ ಸೂತ್ರಕ್ಕೂ ಪೈ ಭಾಗಿಸು 180 ಎಂಬ ಬಾಲ ಅಂಟಿಕೊಳ್ಳುತ್ತದೆ, ರೇಡಿಯನ್‌ನಲ್ಲಿ ಬಾಲವಿಲ್ಲ. ಕೋನಕ್ಕೆ ಇನ್ನೊಂದು ಅಳತೆ ಯಾಕೆ ಎಂದು ಹೈಸ್ಕೂಲಿನಲ್ಲಿ ಶಪಿಸುವ ಮಕ್ಕಳಿಗೆ ಈ ಮಾತನ್ನು ಆಗಲೇ ಹೇಳಿದ್ದರೆ ಶಾಪ ಅರ್ಧವಾದರೂ ಕಡಿಮೆಯಾಗುತ್ತಿತ್ತು.

“ಹಾಗಾದರೆ ನನ್ನ ಮಗಳು ರಜೆಯಲ್ಲಿ ಏನು ಮಾಡಬೇಕು? ಸ್ಪಷ್ಟವಾಗಿ ಹೇಳಿ” ಎಂದರು ವಕೀಲರು.

“ದಿನಕ್ಕೆ ಅರ್ಧ ಗಂಟೆ ಸಾಕು. ಅಕ್ಷರಗಳಿರುವ ಭಿನ್ನರಾಶಿ, ಅಪವರ್ತನ, ಘಾತಗಳು. ಪೆನ್ಸಿಲ್ ಹಿಡಿದು ನಕ್ಷೆ ಬಿಡಿಸಲಿ, ಯಂತ್ರ ಬಿಡಿಸಿಕೊಟ್ಟದ್ದನ್ನು ನೋಡಿದರೆ ಪ್ರಯೋಜನವಿಲ್ಲ. ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಒಂದು ಕ್ಷಣ ಮಟ್ಟಸವಾಗುತ್ತದೆ ಎಂದು ಬಾಯಿಬಿಟ್ಟು ಹೇಳಲಿ. ಒಂದು ಫಂಕ್ಷನ್‌ನ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟು ಬಿಡಿಸುವುದನ್ನು ಚೆನ್ನಾಗಿ ಅಭ್ಯಾಸ ಮಾಡಲಿ, ಮುಂದೆ ಸರಪಳಿ ನಿಯಮ ಬಂದಾಗ ಅಳು ಬರುವುದಿಲ್ಲ. ಉಳಿದ ಹೊತ್ತು ಆಟವಾಡಲಿ.”

“ಆಟವೂ ಪಠ್ಯಕ್ರಮದಲ್ಲಿದೆಯೇ?”

“ಮಗಳಿಗೆ ಇದೆ. ನಿಮಗಿಲ್ಲ. ಅವಳು ಸಂದೇಹ ಕೇಳಿದಾಗ ಮೂರನೆಯ ವಾರಸುದಾರನನ್ನು ಮತ್ತೆ ಕೈಬಿಟ್ಟರೆ ಆಗದು. ಎಕ್ಸ್ ಕೂಡಿಸು ಎಚ್, ಇದರ ಘನವನ್ನು ಬಿಡಿಸಿ.”

“ಈಗಲೇ?”

“ಈಗಲೇ.”

ವಕೀಲರು ಕಾಗದವನ್ನು ನೋಡಿದರು, ಎಂಜಿನಿಯರರನ್ನು ನೋಡಿದರು. ಎಂಜಿನಿಯರ್ ಕಿಟಕಿಯನ್ನು ನೋಡುತ್ತಿದ್ದರು. “ಇದರಲ್ಲಿ ಒಟ್ಟು ಎಷ್ಟು ವಾರಸುದಾರರು?”

“ನಾಲ್ವರು.”

“ಎಲ್ಲರಿಗೂ ನೋಟಿಸ್ ಜಾರಿಯಾಗಬೇಕು” ಎಂದು ವಕೀಲರು ವಾಯಿದೆ ಕೇಳಿದರು.